ನನ್ನ ಮೈದುನನ ಅಂಗಿ

ನನ್ನ ಮೈದುನ ಕುಡಿದು ಸಾಯಲಿಲ್ಲ. ಅವನ ಅಂಗಿ ಬೀರು ನಾರುತ್ತಿತ್ತು, ಅದಕ್ಕೆ ಸತ್ತ. ಊರವರು ಏನೇ ಹೇಳಲಿ, ನಡೆದದ್ದು ಇಷ್ಟೇ.

ನಾನು ನಾಲ್ಕನೇ ಕ್ಲಾಸಿನ ತನಕ ಓದಿದವಳು. ಬರೆದು ಅಭ್ಯಾಸವಿಲ್ಲ. ಬಾಯಲ್ಲಿ ಹೇಳಿದರೆ ಜನ ತಲೆಯಾಡಿಸಿ ಎದ್ದುಹೋಗುತ್ತಾರೆ, ಆಚೆ ಹೋಗಿ ಮತ್ತೆ ಅದೇ ಹಳೇ ಮಾತು. ಅದಕ್ಕೆ ಬರೆಯುತ್ತಿದ್ದೀನಿ.

ಅದು ರೈಲ್ವೆಯಲ್ಲಿದ್ದಾಗಿನ ಖಾಕಿ ಅಂಗಿ. ತೋಳು ಮಡಚಿದ್ದು, ಎದೆಯ ಹತ್ತಿರ ಯಾವಾಗಲೂ ತೇವ. ಅಂಬಲಿ ಹುಳಿ ಬಂದ ಹಾಗೆ, ಬೆಲ್ಲ ಸೀದ ಹಾಗೆ ಒಂದು ವಾಸನೆ. ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ನಮ್ಮ ಬಟ್ಟೆಯ ಜೊತೆ ಹಗ್ಗಕ್ಕೆ ಹಾಕಬೇಡ ಅಂದಿದ್ದೆ. ಹಿತ್ತಿಲ ಸೀಬೆ ಕೊಂಬೆಯ ಮೇಲೆ ಒಣಗಹಾಕುತ್ತಿದ್ದ.

ಅವನು ನನ್ನ ಗಂಡನ ತಮ್ಮ. ಅರಸೀಕೆರೆಯಲ್ಲಿ ರೈಲ್ವೆ ಕೆಲಸ. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು ಕ್ರಿಸ್ಮಸ್ಸಿಗೆ ಜಾಡಿಯಲ್ಲಿ ಶುಂಠಿ ವೈನು ಹಾಕುತ್ತಿದ್ದರಂತೆ. ಅದನ್ನು ನೋಡಿ ಹಿಡಿದ ಹುಚ್ಚು. ಬೇರೆಯವರು ಸಂಜೆ ಇಸ್ಪೀಟಿಗೆ ಕೂತರೆ ಇವನು ಜಾಡಿಯ ಮುಂದೆ ಕೂರುತ್ತಿದ್ದ. ಶುಂಠಿ ಆಯಿತು, ನೇರಳೆ ಆಯಿತು, ಹಲಸಿನ ತೊಳೆಯೂ ಆಯಿತು. ರಿಟೈರಾಗಿ ಮಾದಿಹಳ್ಳಿಗೆ ಬಂದಾಗ ಮಂಚಕ್ಕಿಂತ ಮೊದಲು ಲಾರಿಯಿಂದ ಇಳಿದದ್ದು ಜಾಡಿಗಳು. ಎಮ್ಮೆ ಮಾರಿದ ಮೇಲೆ ನಮ್ಮ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದಕ್ಕೆ ಸುಣ್ಣ ಬಳಿಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ಅಲ್ಲಿ ಬೀರು ಶುರು ಮಾಡಿದ.

ಮಾಡುತ್ತಿದ್ದ, ಕುಡಿಯುತ್ತಿರಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ, ಎದ್ದು ಹೋಗಿ ಕರಿಬೇವಿನ ಬುಡಕ್ಕೆ ಉಗುಳುತ್ತಿದ್ದ. ನುಂಗೋಕೇನೋ ಕಷ್ಟ ನಿನಗೆ ಅಂತ ಕೇಳಿದೆ. ನುಂಗಿದರೆ ಮುಂದಿನದರ ರುಚಿ ತಿಳಿಯುವುದಿಲ್ಲ ಅತ್ತಿಗೆ ಅಂದ. ಅದು ಅರ್ಧ ಮಾತು. ಉಳಿದರ್ಧ ನನಗೆ ಗೊತ್ತಿತ್ತು. ನನ್ನ ಗಂಡ ಸಾರಾಯಿ ಪಾಕೀಟು ಕುಡಿದು ಹೊಟ್ಟೆ ಊದಿ ಸತ್ತವನು. ರಜೆ ಸಿಕ್ಕಾಗೆಲ್ಲ ಇವನು ಅರಸೀಕೆರೆಯಿಂದ ಬಂದು, ಅಣ್ಣ ಯಾವ ಅಂಗಡಿಯ ಮುಂದೆ ಬಿದ್ದಿದ್ದಾನೆ ಅಂತ ಹುಡುಕಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತನ್ನ ಸೊಂಟಕ್ಕೆ ಟವೆಲ್ಲಿನಲ್ಲಿ ಕಟ್ಟಿಕೊಂಡು ತರುತ್ತಿದ್ದ. ನನ್ನ ಮಗಳನ್ನು ಧಾರೆ ಎರೆದು ಕೊಟ್ಟವರು ಇವನು, ಇವನ ಹೆಂಡತಿ. ಆ ಋಣ ಇದೆ. ತೀರಿಸಿದೆ ಅಂತ ನಾನು ಹೇಳುವುದಿಲ್ಲ.

ಅಂಥವನು ಒಂದು ದಿನ ನಡುಮನೆಯಲ್ಲಿ ಕೂತು, ಇದನ್ನೇ ವ್ಯಾಪಾರ ಮಾಡುತ್ತೀನಿ, ಹಳೇಬೀಡಿನ ರಸ್ತೆಯಲ್ಲಿ ಒಂದು ಹೋಟೆಲಿನವರು ಹಿಂದೆ ಜಾಗ ಕೊಡುತ್ತಾರೆ, ರಾಗಿಯಲ್ಲಿ ಬೀರು ಮಾಡುತ್ತೀನಿ ಅಂದ. ನನಗೆ ಮೈ ಉರಿಯಿತು.

"ನಿಮ್ಮಣ್ಣನ್ನ ತಿಂದಿದ್ದು ಸಾಲ್ದೇನೋ?" ಅಂದೆ.

ತಲೆ ಬಗ್ಗಿಸಿಕೊಂಡ. ಆಮೇಲೆ ಹೇಳಿದ. "ಅಣ್ಣ ಕುಡಿದಿದ್ರಲ್ಲಿ ಏನೈತೆ ಅಂತ ಅವನಿಗೂ ಗೊತ್ತಿರ್ಲಿಲ್ಲ, ಮಾರ್ದೋನಿಗೂ ಗೊತ್ತಿರ್ಲಿಲ್ಲ ಅತ್ತಿಗೆ. ನಾನು ಮಾಡೋದ್ರಲ್ಲಿ ಏನೈತೆ ಅಂತ ಗೊತ್ತಿರುತ್ತೆ. ಅಷ್ಟೇ ನಾನು ಹೇಳೋದು."

ಆ ಸುಗ್ಗಿ ಮುಗಿಯುವ ತನಕ ನಾನು ಅವನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟು ಎದ್ದುಹೋಗುತ್ತಿದ್ದೆ.

ಮಾತಾಡಿಸಿದ್ದು ರಾಗಿ. ಬೀರಿಗೆ ರಾಗಿ ಮೊಳಕೆ ಬರಬೇಕು. ಮಕ್ಕಳ ಸರಿಹಿಟ್ಟಿಗೆ ನಾವು ಕಟ್ಟುವುದಿಲ್ಲವೇ, ಹಾಗೇ. ಇವನು ಯಾರದೋ ಮನೆಯ ಹಗೇವು ತೆಗೆದಾಗ ಅಲ್ಲಿಂದ ಹಳೇ ರಾಗಿ ತಂದ. ನೆಲದೊಳಗೆ ವರ್ಷಗಟ್ಟಲೆ ಇದ್ದ ರಾಗಿ ಅಂದರೆ ನಮ್ಮ ಕಡೆ ಬಂಗಾರ, ಮುದ್ದೆಗೆ ಅದರ ರುಚಿಯೇ ಬೇರೆ. ತಿನ್ನೋಕೆ ಒಳ್ಳೇದು, ಅಂದಮೇಲೆ ಎಲ್ಲಕ್ಕೂ ಒಳ್ಳೇದು ಅಂದುಕೊಂಡ. ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿದ. ಒಂದು ಕಾಳು ಕಣ್ಣು ಬಿಡಲಿಲ್ಲ. ಗಬ್ಬು ನಾತ ಬಂದು ತಿಪ್ಪೆಗೆ ಸುರಿದ. ಮತ್ತೆ ಅದೇ ಮೂಟೆ ಬಿಚ್ಚಿದ, ಮತ್ತೆ ತಿಪ್ಪೆ. ಸಿಟ್ಟು ಬೇರೆ, ರಾಗಿ ಬೇರೆ. ರಾಗಿ ತಿಪ್ಪೆಗೆ ಹೋಗುವುದನ್ನು ನೋಡಿಕೊಂಡು ನನಗೆ ಕೂರಲಾಗಲಿಲ್ಲ.

"ಹಳೇದು ಮುದ್ದೆಗೆ ಕಣೋ. ಮೊಳಕೆಗೆ ಈ ವರ್ಷದ್ದು ತಗಂಬಾ," ಅಂದೆ.

ಅವತ್ತಿನಿಂದ ಅದು ನನ್ನ ಕೆಲಸವಾಯಿತು. ರಾಗಿ ತೊಳೆದು ನೆನೆಹಾಕುವುದು, ನೀರು ಬಸಿದು ಗೋಣಿಯ ಮೇಲೆ ಹರಡಿ ಒದ್ದೆ ಬಟ್ಟೆ ಮುಚ್ಚುವುದು, ಕಾವು ಏರದ ಹಾಗೆ ಆಗಾಗ ಕೈಯಾಡಿಸುವುದು, ಮೊಳಕೆ ಎಳ್ಳಿಗಿಂತ ಒಂಚೂರು ಉದ್ದ ಬಂದಾಗ ಒಣಗಿಸುವುದು. ಬಾರ್ಲಿ, ಬೀರಿಗೆ ಕಹಿ ಕೊಡುವ ಒಂದು ಹೂವು ಇಂಥವನ್ನೆಲ್ಲ ಅವನು ಎಲ್ಲಿಂದಲೋ ತರಿಸುತ್ತಿದ್ದ. ಅದು ನನಗೆ ತಿಳಿಯದು. ಒಂದು ಸಲ ಬೆರಳು ಅದ್ದಿ ನೆಕ್ಕಿದೆ. ಹುಳಿ ಅಂಬಲಿಗೆ ಬೇವು ಹಿಂಡಿದ ಹಾಗಿದೆ ಅಂದೆ. ಅದೇ ಬೇಕಿದ್ದದ್ದು ಅಂತ ನಕ್ಕ.

ಲೈಸೆನ್ಸಿಗೆ ಹಾಸನಕ್ಕೂ ಬೆಂಗಳೂರಿಗೂ ಅಲೆದು ಚಪ್ಪಲಿ ಸವೆಸಿದ. ಕೊನೆಗೆ ಅಬಕಾರಿಯ ಸಾಹೇಬರೊಬ್ಬರು ಹೋಟೆಲಿನ ಹಿಂದೆ ಹಾಕಿದ್ದ ಶೆಡ್ಡು ನೋಡಲು ಬಂದರು. ಇವನ ಬಾಯಲ್ಲಿ ಯಾವಾಗಲೂ ಒಂದೇ ಮಾತು, ಕೈ ತೊಳ್ಕೊಂಡ್ ಬನ್ನಿ. ನನಗೂ ಹೇಳುತ್ತಿದ್ದ, ಜೊತೆಗೆ ದುಡಿಯುತ್ತಿದ್ದ ತನ್ನ ಮಗಳಿಗೂ ಹೇಳುತ್ತಿದ್ದ. ಒಂದು ಸಲ ಕೊಳಕು ಕೈ ಬಿದ್ದರೆ ಡ್ರಮ್ಮಿಗೆ ಡ್ರಮ್ಮೇ ಕೆಡುತ್ತೆ ಅನ್ನೋನು. ಅವತ್ತು ಸಾಹೇಬರಿಗೂ, "ಕೈ ತೊಳ್ಕೊಂಡ್ ಬನ್ನಿ ಸಾರ್" ಅಂದುಬಿಟ್ಟ. ಮುಗೀತು ಇವನ ಕಥೆ ಅಂದುಕೊಂಡೆ. ಅವರು ಇವನ ಮುಖ ನೋಡಿದರು, ತಮ್ಮ ಕೈ ನೋಡಿಕೊಂಡರು, ಹೋಗಿ ತೊಳೆದುಕೊಂಡು ಬಂದರು. ಲೈಸೆನ್ಸು ಬಂತು.

ಗುಡಿ ನೋಡಲು ಬಂದವರು ಆ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಇವನ ರಾಗಿ ಬೀರು ಕೊಡುತ್ತಿದ್ದರು. ಒಂದು ಕಟ್ಟಳೆ ಮಾಡಿದ್ದ. ಮುಂದೆ ಊಟದ ತಟ್ಟೆ ಇಲ್ಲದವರಿಗೆ ಗ್ಲಾಸು ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಬಂದು ನಿಂತ ಊರಿನ ಗಂಡಸರನ್ನು, ಮನೆಗೆ ಹೋಗ್ರಲಾ, ರೊಟ್ಟಿ ತಿಂದ್ರಾ ಅಂತ ಕೇಳಿ ಕಳಿಸುತ್ತಿದ್ದ. ಹೋಟೆಲಿನವರು ವ್ಯಾಪಾರ ಕೆಡುತ್ತೆ ಅಂತ ಜಗಳ ತೆಗೆದರು. ಜಗ್ಗಲಿಲ್ಲ. ವಾಪಸು ಹೋದ ಗಂಡಸರೇ ಊರಲ್ಲಿ ಹಬ್ಬಿಸಿದ್ದು: ಇವನು ಹಗಲೆಲ್ಲ ಕುಡಿದಿರುತ್ತಾನೆ, ಪಕ್ಕದಲ್ಲಿ ನಿಂತು ನೋಡಿ ವಾಸನೆಯ, ಅಂತ.

ಆ ದಿನ ಬೆಳಿಗ್ಗೆ ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಬೀರು ಇಳಿಸುವಾಗ ಪೈಪು ಕಿತ್ತುಕೊಂಡು ಕುತ್ತಿಗೆಯಿಂದ ಸೊಂಟದ ತನಕ ನೆನೆದ. ಪೈಪಿನ ಬಾಯಿ ಒಡೆದಿತ್ತು, ಹಾಸನದಿಂದ ಹೊಸದು ತರಬೇಕಿತ್ತು. ಅಂಗಿ ಬದಲಾಯಿಸಪ್ಪಾ ಅಂತ ಅವನ ಮಗಳು ಹೇಳಿದ್ದಾಳೆ. ಬಸ್ಸಿನ ಸದ್ದು ಕೇಳಿ ಹಾಗೇ ಓಡಿದ. ಹಾಸನಕ್ಕೆ ಹೋಗಿ ಪೈಪು ತಂದ. ಹಗರೆಯಲ್ಲಿ ಇಳಿದು ನಮ್ಮ ಕಡೆಯ ಬಸ್ಸಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತ. ಎದೆ ಹಿಡಿದಿರಬೇಕು. ಮಲಗಿದ.

ಬಸ್ಸುಗಳು ಬಂದವು, ಹೋದವು. ಜನ ಹತ್ತಿದರು, ಇಳಿದರು. ಪಕ್ಕದಲ್ಲಿ ಕೂತವರು ಎದ್ದು ಆಚೆ ನಿಂತರು. ಬಿಸಿಲು ಮುಖಕ್ಕೆ ಬಂದಾಗ ಟೀ ಅಂಗಡಿಯವನು ಒಂದು ಚೀಲ ತಂದು ಮುಖಕ್ಕೆ ಮುಚ್ಚಿದ. ಸಂಜೆ ನಮ್ಮೂರಿನ ಡೇರಿಯವನು ಪಕ್ಕದಲ್ಲಿ ಬಿದ್ದಿದ್ದ ಪೈಪಿನ ಸುರುಳಿ ನೋಡಿ, ಚೀಲ ತೆಗೆದು ಗುರುತು ಹಿಡಿದು, ಭುಜ ಅಲುಗಿಸಿದ. ಆಗಲೇ ತಣ್ಣಗಾಗಿತ್ತು. ಹೊತ್ತಿಗೆ ಸರಿಯಾಗಿ ಕರೆತಂದಿದ್ದರೆ ನೋಡಬಹುದಿತ್ತು ಅಂದರು ಆಸ್ಪತ್ರೆಯಲ್ಲಿ.

ಟೀ ಅಂಗಡಿಯವನು ಮಣ್ಣಿಗೆ ಬಂದಿದ್ದ. ನನ್ನ ಮುಂದೆ ನಿಂತು ಕೈ ಹಿಸುಕಿಕೊಂಡ.

"ವಾಸ್ನೆ ಬಂತು ಕಣಮ್ಮ. ಮಲಗಿದ್ದು ಎದ್ದೋಗ್ತಾರೆ ಅನ್ಕಂಡೆ."

ಅವನನ್ನು ನಾನು ಬೈಯಲಿಲ್ಲ. ಬಿಸಿಲಿಗೆ ಚೀಲ ಮುಚ್ಚಿದವನು ಅವನೊಬ್ಬನೇ.

ಹಾಲುತುಪ್ಪದ ದಿನ ಹೊಲದಲ್ಲಿ ಎಡೆ ಇಟ್ಟೆವು. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನು ಇಡುವುದು ನಮ್ಮ ಪದ್ಧತಿ. ನನ್ನ ಗಂಡನಿಗೆ ಪಾಕೀಟು ಇಟ್ಟಿದ್ದರು, ನಾನು ಸುಮ್ಮನಿದ್ದೆ, ಅವನು ಕುಡಿದದ್ದು ನಿಜ. ಇವನಿಗೆ ಮುದ್ದೆ, ಹುರುಳಿ ಸಾರು ಇಟ್ಟ ಮೇಲೆ, ಇವನ ಭಾಮೈದ ಚೀಲದಿಂದ ಬೀರಿನ ಬಾಟಲಿ ತೆಗೆದು ಎಲೆಯ ಪಕ್ಕ ಇಟ್ಟು ಮುಚ್ಚಳಕ್ಕೆ ಕೈ ಹಾಕಿದ.

"ಎತ್ತಪ್ಪ ಅದನ್ನ," ಅಂದೆ.

"ಭಾವ ಮಾಡ್ತಿದ್ದಿದ್ದೇ ಅಲ್ವೇನಕ್ಕ? ಅವರಿಗೆ ಇಡದೆ ಇನ್ಯಾರಿಗೆ ಇಡನ?"

"ಮಾಡ್ತಿದ್ದ. ಕುಡೀತಿರ್ಲಿಲ್ಲ. ಎತ್ತು."

ಎಲ್ಲರೂ ನನ್ನ ಮುಖ ನೋಡಿದರು. ಒಬ್ಬಿಬ್ಬರು ತುಟಿ ಕಚ್ಚಿಕೊಂಡರು, ನಗು ತಡೆಯಲು. ಬಾಟಲಿ ಎತ್ತಿಸಿ, ಬೆಲ್ಲದ ಕಾಫಿ ತಂದಿದ್ದೆ, ಅದರ ಲೋಟ ಇಟ್ಟೆ. ದಿನಕ್ಕೆ ಎಷ್ಟು ಸಲ ಕೊಟ್ಟರೂ ಕುಡಿಯುತ್ತಿದ್ದದ್ದು ಅದೊಂದೇ.

ಮನೆಗೆ ಬಂದ ಮೇಲೆ ಜಗಲಿಯಲ್ಲಿ ಮಾತು ಎದ್ದಿತು. ಅಣ್ಣ ಕುಡಿದು ಹೋದ, ತಮ್ಮ ಬೀರು ಕಾಯಿಸಿ ಹೋದ, ಇನ್ನು ಸಾಕು, ಶೆಡ್ಡು ಮುಚ್ಚಿ ಡ್ರಮ್ಮುಗಳನ್ನು ಗುಜರಿಗೆ ಹಾಕಿ ಅಂದರು. ಮುಚ್ಚಿದರೆ ಅವರು ಹೇಳಿದ್ದೇ ನಿಜವಾಗುತ್ತಿತ್ತು, ಅವನು ಕುಡುಕನಾಗೇ ಉಳಿಯುತ್ತಿದ್ದ. ಅವನ ಹೆಂಡತಿ ಮೊದಲೇ ಹೋಗಿದ್ದಳು. ಒಬ್ಬಳೇ ಮಗಳು, ಶೆಡ್ಡು ಶುರುವಾದಾಗಿನಿಂದ ಅಪ್ಪನ ಜೊತೆ ನಿಂತು ದುಡಿದವಳು. ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು.

"ನಂಗೆ ಮಾಡೋಕೆ ಬರುತ್ತೆ ದೊಡ್ಡಮ್ಮ. ಮೊಳಕೆ ಕಟ್ಟೋದೊಂದು ನಿಮ್ಮ ಕೈಲೇ ಆಗ್ಬೇಕು. ನೀವು ಬ್ಯಾಡ ಅಂದ್ರೆ ನಾಳೆನೇ ಬೀಗ ಹಾಕ್ತೀನಿ."

ನೋಡನ ಬಿಡು ಅಂದೆ. ಸೂತಕ ಕಳೆಯುವ ತನಕ ಶೆಡ್ಡಿನ ಕಡೆ ಯಾರೂ ಸುಳಿಯಬಾರದು ಅಂತ ಜಗಲಿಯಿಂದ ಯಾರೋ ಕೂಗಿ ಹೇಳಿದರು. ಕೇಳಿಸಿಕೊಂಡೆ.

ಮಾರನೇ ದಿನ ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋದೆ. ಅವನು ಹೋದ ದಿನ ನಾನು ಹರಡಿದ್ದ ರಾಗಿಯನ್ನು ಯಾರೂ ಮುಟ್ಟಿರಲಿಲ್ಲ. ಬೇರು ಹೆಣೆದುಕೊಂಡು ಚಾಪೆಯಾಗಿತ್ತು. ಸುತ್ತಿ ತಂದು ಪಕ್ಕದ ಮನೆಯ ಹಸುವಿಗೆ ಹಾಕಿದೆ. ಗೋಣಿ ಒಗೆದೆ. ಸೀಬೆ ಕೊಂಬೆಯ ಮೇಲೆ ಅವನ ಇನ್ನೊಂದು ಅಂಗಿ ಹಾಗೇ ಇತ್ತು, ತೆಗೆದು ನಮ್ಮ ಹಗ್ಗಕ್ಕೆ ಹಾಕಿದೆ. ಆಮೇಲೆ ಈ ವರ್ಷದ ರಾಗಿಯ ಮೂಟೆ ಬಿಚ್ಚಿ, ಕೈ ತೊಳೆದುಕೊಂಡು, ನೆನೆಹಾಕಿದೆ.