ಹಲ್ಲಿಗೆ ಕೇಳಿದ ದೋಣಿ

ಮಾಲಾ ಲೂಕಾ ಎಂಬ ಮೀನುಗಾರರ ಊರಿನಲ್ಲಿ ದೋಣಿ ಸತ್ತಿದೆಯೋ ಬದುಕಿದೆಯೋ ಎಂದು ಹೇಳುವ ಹಕ್ಕು ಲೋವ್ರೆಯದು. ಹಲಗೆಗಳ ಸಂದಿಗೆ ನಾರು ತುರುಕಿ ಡಾಂಬರು ಬಳಿಯುವುದು ಅವನ ಕಸುಬು, ಅವನಪ್ಪನದೂ ಅದೇ. ಚಳಿಗಾಲಕ್ಕೆ ಮುಂಚೆ, ದಡಕ್ಕೆಳೆದ ಹಳೆಯ ದೋಣಿಗಳನ್ನು ಮರದ ಸುತ್ತಿಗೆಯಿಂದ ಕುಟ್ಟಿ ಕಿವಿಗೊಡುತ್ತಿದ್ದ. ಗಟ್ಟಿ ಮರ ಠಣ್ಣೆನ್ನುತ್ತದೆ, ಕೊಳೆತದ್ದು ಬೊದ್ದೆನ್ನುತ್ತದೆ. ಅವನು ಸತ್ತಿದೆಯೆಂದ ದೋಣಿಯನ್ನು ಸಂತ ನಿಕೋಲನ ಹಬ್ಬದ ಬೆಳಿಗ್ಗೆ ಗುಡ್ಡದ ಇಗರ್ಜಿಯ ಮುಂದೆ ಸುಡುತ್ತಾರೆ. ಅದರ ಬೂದಿಯನ್ನು ಹೊಸದಾಗಿ ಹುಟ್ಟುವ ದೋಣಿಯ ಅಡಿಮರಕ್ಕೆ ಬಳಿಯುತ್ತಾರೆ. ಸಂತನಿಗೆ ದೋಣಿ ಕೊಡದೆ ಆ ಊರಿನಲ್ಲಿ ಯಾರೂ ಬಲೆ ಬೀಸುವುದಿಲ್ಲ. ಇನ್ನೂ ಜೀವವಿರುವ ದೋಣಿಯನ್ನು ಸುಟ್ಟರೆ ಸಮುದ್ರ ಅದರ ಬದಲಿಗೆ ಮನುಷ್ಯರನ್ನು ಕೇಳುತ್ತದೆ ಎಂಬ ಭಯವೂ ಎಲ್ಲರಿಗೂ ಇದೆ.

ಈ ಸಲ ಅವನು ಸತ್ತಿದೆಯೆಂದು ತೋರಿಸಿದ್ದು ವಿಧವೆ ಟೋಂಕಾಳ ಲೂಚಿಯಾ ಎಂಬ ದೋಣಿಯನ್ನು. ಗಂಡ ಮುಳುಗಿ ಸತ್ತ ಮೇಲೆ ಅವಳು ದೋಣಿಯನ್ನು ಬೇರೆ ಮೀನುಗಾರರಿಗೆ ಕೊಟ್ಟು, ದೋಣಿಯ ಪಾಲಿಗೆ ಬರುವ ಬೂತಾಯಿ ಮೀನಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ದೋಣಿ ಹೋದರೆ ಪಾಲೂ ಹೋಯಿತು. ಆದರೂ ಅವಳು ಮರುಮಾತಾಡಲಿಲ್ಲ. ಲೋವ್ರೆಯ ಕಿವಿಯ ಮೇಲೆ ಅನುಮಾನಪಡುವಷ್ಟು ಧೈರ್ಯ ಊರಲ್ಲಿ ಯಾರಿಗಿತ್ತು?

ಹಬ್ಬದ ಹಿಂದಿನ ಮಧ್ಯಾಹ್ನ ದೋಣಿಯನ್ನು ಗುಡ್ಡಕ್ಕೆ ಎಳೆಯುತ್ತಿದ್ದರು. ಅದು ಹಿಂದಕ್ಕೆ ಜಾರಿತು. ಲೋವ್ರೆ ಭುಜ ಕೊಟ್ಟು ನಿಂತಾಗ ಅವನ ದವಡೆ ಹಲಗೆಗೆ ಒತ್ತಿಕೊಂಡಿತ್ತು. ಯಾರೋ ಅಡಿಯ ಬೆಣೆಗೆ ಸುತ್ತಿಗೆ ಹಾಕಿದರು. ಅವನ ಹಲ್ಲಿನ ಬುಡದಿಂದ ನೆತ್ತಿಯವರೆಗೆ ಠಣ್ಣೆಂದಿತು.

ಅವನ ಕಿವಿಗೆ ಬೊದ್ದೆಂದಿದ್ದ ದೋಣಿಯೇ ಇದು. ಎರಡು ವರ್ಷದಿಂದ ಇಗರ್ಜಿಯ ಗಂಟೆಯೂ ಅವನಿಗೆ ಗೋಣಿಚೀಲಕ್ಕೆ ಬಡಿದಂತೆ ಕೇಳುತ್ತಿತ್ತು. ಅದನ್ನು ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಇಳಿದುಹೋದ ಮೇಲೆ ದೋಣಿಯ ಅಂಚಿಗೆ ಹಲ್ಲೂರಿ ಮೂತಿಯಿಂದ ಬಾಲದವರೆಗೆ ಕುಟ್ಟುತ್ತಾ ಹೋದ. ಎಲ್ಲಿ ಕುಟ್ಟಿದರೂ ಠಣ್. ಹಾಗಾದರೆ ಹೋದ ವರ್ಷ ಸುಟ್ಟ ದೋಣಿ? ಅದಕ್ಕೂ ಜೀವವಿತ್ತೇನೋ.

ಮನೆಯಲ್ಲಿ ಹೆಂಡತಿ ಪೆರೀನಾ ಮೀನು ತುಂಬಿದ ರೊಟ್ಟಿ ಮುಂದಿಟ್ಟು, ಇನ್ನೂ ಅಷ್ಟಿಷ್ಟು ಕೇಳುವ ಅವನ ಬಲಗಿವಿಯ ಹತ್ತಿರ ಬಾಗಿದಳು.

"ಏನು, ಹರಳೆಣ್ಣೆ ಕುಡ್ದೋರ ಥರ ಮೋರೆ?"

"ಲೂಚಿಯಾ ಸತ್ತಿಲ್ಲ ಕಣೆ."

ಅವಳು ಅಲ್ಲೇ ಕೂತುಬಿಟ್ಟಳು. "ಕಿವಿ ತೋರ್ಸ್ಕೋ ಅಂತ ಬಡ್ಕೊಂಡೆ. ನೀನೇ ಗಾಳಿ ಹೊಕ್ಕಿದೆ, ತಾನೇ ಹೋಗತ್ತೆ ಅಂದೆ. ಈಗ?"

"ನಾಳೆ ಹೇಳ್ಬಿಡ್ಲಾ?"

"ಹೇಳಿದ್ರೆ ಆಮೇಲೆ ನಿನ್ ಹತ್ರ ಯಾರು ದೋಣಿ ತರ್ತಾರೆ? ಹೇಳ್ದೇ ಇದ್ರೆ ನಿಂಗೆ ಅನ್ನ ಇಳಿಯಲ್ಲ. ನನ್ನೇನ್ ಕೇಳ್ತೀಯ ಮುದುಕಾ."

ರಾತ್ರಿ ಅವನ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ದೋಣಿಯ ಕೆಳಗೆ ದ್ರಾಕ್ಷಿಬಳ್ಳಿಯ ಒಣಕಟ್ಟಿಗೆ ತುಂಬಿದ್ದರು. ಪಾದ್ರಿ ಪವಿತ್ರ ಜಲ ಚಿಮುಕಿಸಿ ಸರಿದು ನಿಂತರು. ಬೆಂಕಿಗೆ ಮುಂಚೆ ಲೋವ್ರೆ ಕೊನೆಯ ಬಾರಿ ಕುಟ್ಟಿ ದೋಣಿಗೆ 'ಹೋಗಿ ಬಾ' ಎನ್ನಬೇಕು. ಟೋಂಕಾ ಮಕ್ಕಳ ಕೈ ಹಿಡಿದು ಎದುರಿಗೇ ನಿಂತಿದ್ದಳು. ಸುತ್ತಿಗೆ ಎತ್ತಿದ, ಕುಟ್ಟಲಿಲ್ಲ.

"ಹಚ್ಬೇಡಿ," ಎಂದ. "ಇದಕ್ಕೆ ಜೀವ ಇದೆ. ಸತ್ತಿರೋದು ನನ್ ಕಿವಿ."

ಜನ ಏನೆಂದರೋ ಅವನಿಗೆ ಕೇಳಿಸಲಿಲ್ಲ, ಬಾಯಿಗಳು ಆಡುವುದಷ್ಟೇ ಕಂಡಿತು. ಟೋಂಕಾ ಬಂದು ಅವನು ಒಡ್ಡಿದ ಬಲಗಿವಿಗೆ ಕೂಗಿದಳು.

"ಎಷ್ಟು ದಿನದಿಂದ ಲೋವ್ರಣ್ಣ?"

"ಎರಡು ವರ್ಷ ಆಯ್ತಮ್ಮ."

"ಮಕ್ಕಳಿಗೆ ನಾಳೆ ಏನ್ ತಿನ್ಸ್ಲಿ ಅಂತ ನಾನ್ ಅತ್ತಿದ್ದು ಒಂದೆರಡು ದಿನ ಅಲ್ಲ. ಆಗೆಲ್ಲ ನೀನು ಸುಮ್ನೆ ಇದ್ದೆ."

ಎತ್ತಿದ್ದ ಸುತ್ತಿಗೆಯನ್ನು ಅವನು ಕೆಳಗಿಳಿಸಿದ.

"ಈಗ ಸಂತನಿಗೇನು ಕೊಡೋದು?" ಎಂದರು ಪಾದ್ರಿ. ಪೆರೀನಾ ಅದನ್ನು ಗಂಡನ ಕಿವಿಗೆ ಹಾಕಿದಳು. ಅಷ್ಟು ಹೊತ್ತು ಬಾಯಿ ಮಾಡುತ್ತಿದ್ದ ಗಂಡಸರೆಲ್ಲ ಈಗ ತಂತಮ್ಮ ಬೂಟು ನೋಡಿಕೊಳ್ಳತೊಡಗಿದರು.

ದಡದಲ್ಲಿ ಲೋವ್ರೆಯದೂ ಒಂದು ದೋಣಿಯಿತ್ತು, ಬೊನಾತ್ಸಾ, ಅಪ್ಪ ಕಟ್ಟಿದ್ದು. ಊರವರ ದೋಣಿಗಳನ್ನೆಲ್ಲ ಕುಟ್ಟಿದವನು ಅದನ್ನು ಮಾತ್ರ ಎಂದೂ ಕುಟ್ಟಿರಲಿಲ್ಲ. ವರ್ಷ ವರ್ಷ ಬಣ್ಣ ಬಳಿದು, 'ಚೆನ್ನಾಗಿದ್ದಾಳೆ' ಎಂದುಕೊಂಡು ಬರುತ್ತಿದ್ದ. ಈಗ ಕೆಳಗಿಳಿದು ಅದರ ಅಂಚಿಗೆ ಹಲ್ಲೂರಿ, ಹಿಂದೆ ಬಂದ ಟೋಂಕಾಳ ಕೈಗೆ ಸುತ್ತಿಗೆ ಕೊಟ್ಟ.

ಅವಳು ಕುಟ್ಟಿದಳು. ಏನೂ ಬರಲಿಲ್ಲ. ಜೋರಾಗಿ ಎಂದು ಕೈಸನ್ನೆ ಮಾಡಿದ. ಜೋರಾಗಿ ಕುಟ್ಟಿದಳು. ಬಣ್ಣದ ಸಿಪ್ಪೆ ಉದುರಿತೇ ಹೊರತು ಹಲ್ಲಿಗೆ ಏನೂ ಮುಟ್ಟಲಿಲ್ಲ. ಈ ಮೌನ ತನ್ನ ಕಿವಿಯದಲ್ಲ, ಕೊಳೆತ ಮರದ್ದು ಎಂದು ಅವನಿಗೆ ತಿಳಿಯಿತು.

ಮಧ್ಯಾಹ್ನ ಇಗರ್ಜಿಯ ಮುಂದೆ ಬೊನಾತ್ಸಾ ಉರಿಯಿತು. 'ಹೋಗಿ ಬಾ' ಎಂದು ಅವನೇ ಹೇಳಿದ. ಚಟಪಟ ಸದ್ದೊಂದೂ ಕೇಳದೆ ಮುಖಕ್ಕೆ ಬಡಿಯುವ ಕಾವನ್ನಷ್ಟೇ ತಡೆದುಕೊಂಡು ನಿಂತ. ಬೆಂಕಿ ತಗ್ಗಿದಾಗ ಟೋಂಕಾ ತಗಡಿನ ಡಬ್ಬಿ ಹಿಡಿದು ಬಂದು ಏನೋ ಹೇಳಿದಳು.

"ಏನಂತೆ?" ಎಂದು ಅವನು ಹೆಂಡತಿಯನ್ನು ಕೇಳಿದ.

"ನಿಮ್ಮಪ್ಪನ ದೋಣಿ ಬೂದಿ ಲೂಚಿಯಾ ಅಡಿಮರಕ್ಕೆ ಬೇಕಂತೆ. ಅದು ಇವತ್ತು ಹುಟ್ಟಿದ್ದಂತೆ."

ಲೋವ್ರೆ ಊರವರೆಲ್ಲರ ಮುಂದೆ ಅತ್ತುಬಿಟ್ಟ. ಆಮೇಲೆ ಮಂಡಿಯೂರಿ, ಬಿಸಿ ಬೂದಿಯನ್ನು ಬರಿಗೈಯಲ್ಲೇ ಡಬ್ಬಿಗೆ ತುಂಬತೊಡಗಿದ.