ಕೋವಾಡದ ಕೆಂಪು ಬಸ್ಸು

ಗಡಹಿಂಗ್ಲಜದ ಹೊರವಲಯದ ಒಂದು ತಗಡಿನ ಶೆಡ್ಡಿನಲ್ಲಿ ಐದು ಹಳೆಯ ಬಸ್ಸುಗಳಿವೆ. ನಿವೃತ್ತ ಚಾಲಕರು, ಮೆಕ್ಯಾನಿಕ್‌ಗಳು ಸೇರಿ ಸಂಬಳವಿಲ್ಲದೆ ಅವುಗಳಿಗೆ ಬಣ್ಣ ಹಚ್ಚಿ, ಎಂಜಿನ್ ಜೀವಂತವಿಟ್ಟು, ಬಂದವರಿಗೆ ತೋರಿಸುತ್ತಾರೆ. ಇಂದು ನಮಗೆ ತೋರಿಸಿದವರು ಎಪ್ಪತ್ತು ದಾಟಿದ ಶಿವಲಿಂಗಪ್ಪ.

ಒಂದು ಕೆಂಪು ಬಸ್ಸಿನ ಬಾಗಿಲಲ್ಲಿ ನಿಂತು ಅವರು ಹೇಳಿದರು: "ಈ ಗಾಡಿ ನಾನ ಹೊಡೀತಿದ್ನಿ. ಒಮ್ಮೆ ಕೋವಾಡದಾಗ ದಿನ ತುಂಬಿದ ಬಸುರಿ ಹತ್ತಿದ್ಳು. ಅರ್ಧ ದಾರ್ಯಾಗ ಬ್ಯಾನಿ ಸುರು ಆತು. ಮಂದಿ ಎಲ್ಲಾ, 'ನಮ್ಮೂರಿಗೆ ನಿಲ್ಲಸಬ್ಯಾಡ, ಹೊಡಿ' ಅಂದ್ರು. ಸೀದಾ ದವಾಖಾನಿಗೆ ತಂದು ಇಳಿಸಿದ್ನಿ. ಮರುದಿನ ನನ್ನ ಬ್ಯಾರೆ ಡಿಪೋಕ್ಕ ಹಾಕಿದ್ರು. ಗಂಡೋ ಹೆಣ್ಣೋ, ಇವತ್ತಿಗೂ ಗೊತ್ತಿಲ್ರಿ."

ನನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬರು ಬಾಯಿಗೆ ಸೆರಗು ಹಿಡಿದರು. ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಮಾಡುವ ಅವರು, ತಾಯಿ ಹೇಳುತ್ತಿದ್ದ ಬಸ್ಸು ಇಲ್ಲಿದೆಯೆಂದು ಕೇಳಿ ಹುಡುಕಿಕೊಂಡು ಬಂದಿದ್ದರಂತೆ.

"ಕಾಕಾ, ಹೆಣ್ರಿ," ಎಂದರು. "ಆ ಕೂಸು ನಾನರೀ. ಅವ್ವ ಭಾಳ ಆರಾಮ ಅದಾಳ."

ಶಿವಲಿಂಗಪ್ಪ ಬಾಗಿಲ ಸರಳು ಹಿಡಿದು ಕೆಳಗಿಳಿದರು. ಆಮೇಲೆ ಶೆಡ್ಡಿನ ಆಚೆ ತುದಿಯಲ್ಲಿದ್ದ ಗೆಳೆಯರಿಗೆ ಮರಾಠಿ, ಕನ್ನಡ ಎರಡರಲ್ಲೂ ಕೂಗಿ ಹೇಳಿದರು: "ಅರೇ, ಮುಲ್ಗೀ ಝಾಲೀ! ಹೆಣ್ಣ ಹುಟ್ಯಾಳರೋ!"

ಎಲ್ಲರೂ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಓಡಿ ಬಂದರು. ಒಬ್ಬರು ಸೈಕಲ್ ಹತ್ತಿ ಹೋಗಿ ಜಿಲೇಬಿ ತಂದರು. ಶಿವಲಿಂಗಪ್ಪ ಮೊದಲ ತುಂಡನ್ನು ನಲವತ್ತು ದಾಟಿದ ಆ ಕೂಸಿನ ಬಾಯಿಗಿಟ್ಟರು. ನನಗೂ ಒಂದು ಸಿಕ್ಕಿತು. ಇನ್ನೂ ಬಿಸಿ ಇತ್ತು.