ಮಲಗಿಸಿ ಕಟ್ಟುವ ಬೆಲ್ಟ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆ ಗೇಟಿನ ಎದುರಿನ ಪುಟ್ಟ ಅಂಗಡಿಯಲ್ಲಿ ‘ಬೆಲ್ಟ್ ಅಕ್ಕ’ ಹಮಾಲಿಯೊಬ್ಬನನ್ನು ಬೆಂಚಿನ ಮೇಲೆ ಮಲಗಿಸಿದ್ದಾರೆ. ಅವನ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು.

“ಒಂದ್ಸಲ ಕೆಮ್ಮಿ ಅಣ್ಣ. ಹಾಂ, ಈಗ ಮೈ ಸಡಿಲ ಬಿಡಿ.”

ಉಬ್ಬು ಮೆಲ್ಲಗೆ ಒಳಗೆ ಜಾರುತ್ತದೆ. ಅಕ್ಕ ಟೇಪು ಎತ್ತಿಕೊಳ್ಳುತ್ತಾರೆ. “ಇದು ಆಪರೇಷನ್ ಆಗೋವರೆಗೆ ಮಾತ್ರ. ವಾಸಿ ಮಾಡಲ್ಲ, ತಿಳೀತಾ?”

ಹತ್ತೊಂಬತ್ತು ವರ್ಷಗಳಿಂದ ಅಕ್ಕ ಹರ್ನಿಯಾ ಬೆಲ್ಟ್ ಹೊಲಿಯುತ್ತಿದ್ದಾರೆ. ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಮಲಗಿದಾಗ ಉಬ್ಬು ಒಳಗೆ ಹೋಗದಿದ್ದರೆ ಎಷ್ಟು ಗೋಗರೆದರೂ ಬೆಲ್ಟ್ ಕೊಡುವುದಿಲ್ಲ. ಹೊರಗೆ ಸಿಕ್ಕಿಬಿದ್ದ ಕರುಳಿಗೆ ರಕ್ತ ಹೋಗದೆ ಅದು ಕೊಳೆಯಬಹುದು ಎಂದು ಡಾಕ್ಟರು ಹೇಳಿದ್ದನ್ನು ಅವರು ಮರೆತಿಲ್ಲ. ನೋವು, ವಾಂತಿ ಇದ್ದರಂತೂ ತಾವೇ ಕೈ ಹಿಡಿದು ರಸ್ತೆ ದಾಟಿಸುತ್ತಾರೆ.

ಇಷ್ಟಾದರೂ ಈ ಕಾಯಿಲೆ ಅಕ್ಕನಿಗೆ ತಲೆಬುಡ ಅರ್ಥವಾಗಿಲ್ಲ. “ಮೂಟೆ ಹೊರೋರಿಗೆ ಬರುತ್ತೆ, ಸರಿ. ಪೆನ್ನು ಬಿಟ್ಟು ಬೇರೇನೂ ಎತ್ತದ ಗುಮಾಸ್ತನಿಗೂ ಬಂತಲ್ಲ! ಕೆಮ್ಮಿ ಕೆಮ್ಮಿ ಬರುತ್ತಂತೆ, ತಿಣುಕಿ ತಿಣುಕಿ ಬರುತ್ತಂತೆ, ಹುಟ್ತಾನೇ ಬರುತ್ತಂತೆ. ಒಬ್ಬರಿಗೆ ಹೊಕ್ಕುಳಲ್ಲಿ, ಒಬ್ಬರಿಗೆ ಹಳೇ ಹೊಲಿಗೆ ಹತ್ರ. ನಂಗೆ ಬರೀ ಗೊಂದಲ.”

ಹಳೆಯ ಹೊಲಿಗೆಯ ಮಾತು ಬಂದಾಗ ಅವರ ಕೈ ತಮ್ಮ ಹೊಟ್ಟೆಯ ಮೇಲೆ ಹೋಗುತ್ತದೆ. ಗರ್ಭಕೋಶದ ಆಪರೇಷನ್ನಿನ ಗಾಯದ ಪಕ್ಕ ಅವರಿಗೂ ಉಬ್ಬಿದೆ. ಮೊದಲು ಬೊಜ್ಜು ಅಂದುಕೊಂಡರು, ಆಮೇಲೆ ಗ್ಯಾಸು. ಕೊನೆಗೆ ತಾವೇ ಹೊಲಿದ ಬೆಲ್ಟ್ ಬಿಗಿದು ಎರಡು ವರ್ಷ ತಳ್ಳಿದರು. ಅಂಗಡಿ ತೆರೆಯುವ ಗಡಿಬಿಡಿಯಲ್ಲಿ ಉಬ್ಬು ಒಳಗೆ ಹೋಗಿದೆಯೇ ಎಂದು ನೋಡದೆ ದಿನವೂ ನಿಂತೇ ಬಿಗಿದುಕೊಂಡರು. ಅದನ್ನು ಪತ್ತೆಹಚ್ಚಿದ್ದು ಜೊತೆಯಲ್ಲಿ ಕೆಲಸ ಮಾಡುವ ತಂಗಿ.

“ಲೋಕದೋರನ್ನೆಲ್ಲ ಮಲಗಿಸಿ ಕಟ್ತೀಯ. ನಿನ್ನನ್ನ ಯಾರಕ್ಕ ಮಲಗಿಸೋರು?”

ಕಳೆದ ವಾರ ತಂಗಿಯೇ ಅಕ್ಕನನ್ನು ಅದೇ ಬೆಂಚಿನ ಮೇಲೆ ಮಲಗಿಸಿದಳು. ಉಬ್ಬು ಅರ್ಧ ಒಳಗೆ ಹೋಯಿತು, ಅರ್ಧ ಅಲ್ಲೇ ನಿಂತಿತು. “ನೋವೇ ಇಲ್ವಲ್ಲೇ, ಇದು ಹೇಗೆ?” ಎಂದು ಅಕ್ಕ ಚಾವಣಿ ನೋಡುತ್ತಾ ಮಲಗಿಯೇ ಇದ್ದರು. ಡಾಕ್ಟರು ಗುರುವಾರಕ್ಕೆ ಆಪರೇಷನ್ ಗೊತ್ತು ಮಾಡಿದ್ದಾರೆ. ಅಕ್ಕನಿಗೆ ಹೆದರಿಕೆ ಆಪರೇಷನ್ನಿನದಲ್ಲ. “ಬೆಲ್ಟ್‌ನಿಂದ ವಾಸಿ ಆಗಲ್ಲ ಅಂದ್ಮೇಲೆ ಇಷ್ಟು ವರ್ಷ ನಾನು ಮಾಡಿದ್ದಾದ್ರೂ ಏನು?” ಎಂಬ ಪ್ರಶ್ನೆ ಅವರ ನಿದ್ದೆ ಕೆಡಿಸಿದೆ.

ಹಮಾಲಿ ಬೆಲ್ಟ್ ಕಟ್ಟಿಸಿಕೊಂಡು, ಆಪರೇಷನ್ ಚೀಟಿ ಮಾಡಿಸಲು ಎದುರಿನ ಗೇಟಿನೊಳಗೆ ಹೋಗುತ್ತಾನೆ. ಅವನು ಮರೆಯಾಗುವವರೆಗೆ ಅಕ್ಕ ನೋಡುತ್ತಾರೆ. ಆಮೇಲೆ ಸೊಂಟಕ್ಕೆ ಕೈ ಹಾಕಿ, ತಮ್ಮ ಬೆಲ್ಟ್ ಬಿಚ್ಚಿ ಮೊಳೆಗೆ ತೂಗುಹಾಕಿ ತಂಗಿಗೆ ಹೇಳುತ್ತಾರೆ:

“ಈ ವರ್ಷ ಬೆಲ್ಟ್ ಕೊಡದೆ ಆರು ಜನರನ್ನ ಆಸ್ಪತ್ರೆಗೆ ಕಳಿಸಿದೀನಿ. ಆರೂ ಜನ ನಡ್ಕೊಂಡು ವಾಪಸ್ ಬಂದ್ರು. ಏಳನೆಯವಳು ನಾನೇ.”